ಆರತಿಯ ಮರುದಿನ

ಕರ್ನಾಟಕದ ಹಳ್ಳಿಗಳಲ್ಲಿ ಅರವತ್ತರ ಆಸುಪಾಸಿನವರ ಹುಟ್ಟಿದ ದಿನಾಂಕ ಕೇಳಿ ನೋಡಿ. ಜೂನ್ 1 ಎನ್ನುವವರು ಬೀದಿಬೀದಿಗೂ ಸಿಗುತ್ತಾರೆ. ಅಣ್ಣನದೂ ಜೂನ್ 1, ತಮ್ಮನದೂ ಜೂನ್ 1, ನಡುವೆ ಎರಡು ವರ್ಷದ ಅಂತರ. ಆ ದಿನ ಅವರು ಹುಟ್ಟಿದ್ದಲ್ಲ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವರ ಹೆಸರು ಹುಟ್ಟಿದ್ದು. ಮುಂಗಾರು ಹಿಡಿದಾಗ ಹುಟ್ಟಿದ್ದು, ದೊಡ್ಡ ಜಾತ್ರೆ ಆದ ವರ್ಷ ಹುಟ್ಟಿದ್ದು ಎಂದಷ್ಟೇ ಅಪ್ಪ ಹೇಳಬಲ್ಲವನಾಗಿದ್ದ. ಮೇಷ್ಟ್ರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ ನೋಡುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಒಂದನೇ ಕ್ಲಾಸಿಗೆ ಸೈ. ವರ್ಷವನ್ನು ಅಂದಾಜು ಮಾಡಿ, ಶಾಲೆ ಶುರುವಾಗುವ ತಾರೀಖನ್ನೇ ಹುಟ್ಟಿದ ತಾರೀಖು ಎಂದು ಬರೆದು ಮುಗಿಸುತ್ತಿದ್ದರು. ಆ ಒಂದು ಸಾಲಿನ ಬರಹವೇ ಮುಂದೆ ಆ ಮನುಷ್ಯನ ನೌಕರಿಗೆ, ನಿವೃತ್ತಿಗೆ, ಪಿಂಚಣಿಗೆ ಆಧಾರವಾಯಿತು.

ಈಗ ಕಿವಿ ಮುಟ್ಟಿಸುವ ಪರೀಕ್ಷೆ ಇಲ್ಲ. ಜನನ ಪ್ರಮಾಣಪತ್ರವಿದೆ, ಆಧಾರ್ ಇದೆ, ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮವಿದೆ. ಈ ನಿಯಮ 2025–26ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬರಬೇಕಿತ್ತು. ಯುಕೆಜಿ ಮುಗಿಸಿ ಕೂತಿದ್ದ ಎಷ್ಟೋ ಮಕ್ಕಳಿಗೆ ಕೆಲವು ತಿಂಗಳು, ಕೆಲವರಿಗೆ ಕೆಲವೇ ದಿನ ಕಡಿಮೆ ಬೀಳುತ್ತಿತ್ತು. ಪೋಷಕರು ಪಟ್ಟುಹಿಡಿದ ಮೇಲೆ, ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಅನ್ವಯಿಸುವಂತೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಾಗಿದ್ದರೂ ಸಾಕು ಎಂದು ಸರ್ಕಾರ 2025ರ ಏಪ್ರಿಲ್‌ನಲ್ಲಿ ಸಡಿಲಿಕೆ ಕೊಟ್ಟಿತು. ನನ್ನನ್ನು ಕೇಳಿದರೆ ಆರು ವರ್ಷವೇ ಸರಿ. ಐದೂವರೆಯ ಮಗುವಿನ ಬೆರಳಿಗೆ ಬಳಪ ಹಿಡಿದು ಸಾಲಿನೊಳಗೆ ಅಕ್ಷರ ಕೂರಿಸುವುದು ಎಷ್ಟು ಪ್ರಯಾಸದ ಕೆಲಸವೆಂದು ಒಂದನೇ ತರಗತಿಯ ಯಾವ ಶಿಕ್ಷಕಿಯಾದರೂ ಹೇಳುತ್ತಾರೆ. ಆದರೆ ನಿಯಮ ಹೇಳುವಾಗ ಇನ್ನೊಂದನ್ನೂ ಮರೆಯಬಾರದು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವನ್ನೂ ಶಾಲೆಗೆ ಸೇರಿಸಿಕೊಳ್ಳದೆ ಕಳಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಯಾದಗಿರಿ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಬಂದು, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿದವರಿಗೆ ಈ ಒಂದು ಸಾಲು ಗೊತ್ತಿರುವುದಿಲ್ಲ. ಕಾಗದ ತಂದುಕೊಡಿ ಎಂದ ಕೂಡಲೇ ಅವರು ಮಗುವಿನ ಕೈ ಹಿಡಿದು ಹಿಂದಿರುಗುತ್ತಾರೆ, ಮತ್ತೆ ಬರುವುದಿಲ್ಲ.

ಈಚಿನ ವರ್ಷಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳು ಮೇ 29ಕ್ಕೇ ಬಾಗಿಲು ತೆರೆಯುತ್ತಿವೆ. ಮೊದಲ ಒಂದೆರಡು ದಿನ ಮಕ್ಕಳಿಗಿಂತ ಪೊರಕೆಗೇ ಹೆಚ್ಚು ಕೆಲಸ. ಏಪ್ರಿಲ್ ಎರಡನೇ ವಾರದಿಂದ ಮುಚ್ಚಿದ್ದ ಕೋಣೆಗಳಲ್ಲಿ ಗೆದ್ದಲು ಗೋಡೆ ಏರಿರುತ್ತದೆ. ನೀರಿನ ಟ್ಯಾಂಕಿನ ತಳದಲ್ಲಿ ಪಾಚಿ. ಅಡುಗೆ ಕೋಣೆಯಲ್ಲಿ ಉಳಿದ ಅಕ್ಕಿ, ಬೇಳೆಯನ್ನು ಜರಡಿ ಹಿಡಿದು ಹುಳು ಬಿದ್ದಿದೆಯೇ ಎಂದು ನೋಡಬೇಕು. ಆಮೇಲೆ ಮಾವಿನ ತೋರಣ, ಬಾಗಿಲಿಗೆ ರಂಗೋಲಿ, ಕೆಲವು ಊರಲ್ಲಿ ಬಾಳೆಕಂಬ. ಪ್ರಾರಂಭೋತ್ಸವದ ದಿನ ಹೊಸ ಮಕ್ಕಳನ್ನು ಸಿಂಗರಿಸಿದ ಎತ್ತಿನ ಬಂಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಕೂರಿಸಿ ಡೊಳ್ಳು ಬಾರಿಸುತ್ತಾ ಊರ ಸುತ್ತ ಕರೆತರುತ್ತಾರೆ. ಬಾಗಿಲಲ್ಲಿ ಆರತಿ, ಕೈಗೊಂದು ಗುಲಾಬಿ, ಪಠ್ಯಪುಸ್ತಕದ ಕಟ್ಟು, ಊಟಕ್ಕೆ ಪಾಯಸವೋ ಗೋಧಿ ಹುಗ್ಗಿಯೋ. ಶಾಲೆ ಅಂದರೆ ಹೆದರುವ ಜಾಗ ಎಂದು ಬೆಳೆದ ತಲೆಮಾರಿನ ಅಪ್ಪಂದಿರು ಮಗಳ ಹಣೆಗೆ ಮೇಷ್ಟ್ರು ಕುಂಕುಮ ಇಡುವುದನ್ನು ನೋಡುತ್ತಾ ನಿಲ್ಲುತ್ತಾರೆ. ಇದು ಒಳ್ಳೆಯ ಹಬ್ಬ. ಇರಲಿ, ಇನ್ನೂ ಚೆನ್ನಾಗಿ ನಡೆಯಲಿ.

ಆದರೆ ಒಂದನೇ ತರಗತಿಯ ಭವಿಷ್ಯ ತೀರ್ಮಾನವಾಗುವುದು ಆರತಿಯ ಮರುದಿನದಿಂದ. ಮೊದಲ ದಿನ ಎಲ್ಲ ಮಕ್ಕಳೂ ಬರುತ್ತಾರೆ. ಎರಡನೇ ಸೋಮವಾರ ಎಷ್ಟು ಮಕ್ಕಳು ಅಳದೆ ಬಂದರು, ಎಷ್ಟು ಮಕ್ಕಳು ಬರಲೇ ಇಲ್ಲ ಎಂಬುದು ನಿಜವಾದ ಲೆಕ್ಕ. ಆ ಲೆಕ್ಕ ನಿಂತಿರುವುದು ಮೊದಲ ಮೂರು ವಾರ ಅದೇ ಶಿಕ್ಷಕಿ, ಅದೇ ಮುಖ, ಅದೇ ಧ್ವನಿ ಆ ಕೋಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಇದ್ದರೋ ಇಲ್ಲವೋ ಎಂಬುದರ ಮೇಲೆ. ನಮ್ಮ ವ್ಯವಸ್ಥೆ ಅತಿ ಹೆಚ್ಚು ಕೈಹಾಕುವುದೂ ಆ ಮೂರು ವಾರಕ್ಕೇ. ಹೇಳಬೇಕೆಂದು ಹೊರಟಿದ್ದು ಇದನ್ನೇ.

ಮೊದಲು ಆ ಕೋಣೆಯೊಳಗೆ ಏನಾಗುತ್ತದೆ ಎಂದು ನೋಡೋಣ. ಅಮ್ಮನ ಸೆರಗು ಬಿಡದ ಮಗು, ಬಾಗಿಲ ಚೌಕಟ್ಟು ಹಿಡಿದು ನಿಂತ ಮಗು, ಮೂರನೇ ತರಗತಿಯ ಅಕ್ಕನ ಪಕ್ಕ ಕೂರಿಸಿದರೆ ಮಾತ್ರ ಸುಮ್ಮನಾಗುವ ಮಗು. ಉಚ್ಚೆ ಬಂತು ಎಂದು ಹೇಳಲು ನಾಚಿ ಚಾಪೆಯ ಮೇಲೇ ಮಾಡಿಕೊಳ್ಳುವುದುಂಟು. ಆಗ ಬೈಯದೆ, ಉಳಿದ ಮಕ್ಕಳು ನಗದಂತೆ ನೋಡಿಕೊಂಡು, ಒಣ ಚಡ್ಡಿ ಹುಡುಕಿ ತೊಡಿಸುವ ಕೆಲಸಕ್ಕೆ ಯಾವ ತರಬೇತಿಯಲ್ಲೂ ಪಾಠವಿಲ್ಲ. ಶೌಚಾಲಯ ಎಲ್ಲಿದೆ, ಒಳಗಿನಿಂದ ಚಿಲಕ ಹೇಗೆ ಹಾಕಬೇಕು, ಹಾಕಿದ್ದನ್ನು ಹೇಗೆ ತೆಗೆಯಬೇಕು ಎಂದು ತೋರಿಸುವುದು ಮೊದಲ ವಾರದ ಮುಖ್ಯ ಪಾಠ. ನೀರು ಕುಡಿಯಲು ಸಾಲಿನಲ್ಲಿ ನಿಲ್ಲುವುದು, ತಟ್ಟೆ ತೊಳೆದು ಇಡುವುದು, ತನ್ನ ಚಪ್ಪಲಿ ತನಗೇ ಗುರುತು ಸಿಗುವಂತೆ ಬಿಡುವುದು, ಇವೂ ಪಾಠಗಳೇ.

ಇನ್ನು ಭಾಷೆ. ನಮ್ಮ ಕನ್ನಡ ಶಾಲೆಗೆ ಬರುವ ಮಕ್ಕಳೆಲ್ಲ ಮನೆಯಲ್ಲಿ ಕನ್ನಡ ಆಡುವವರಲ್ಲ. ತಾಂಡಾದ ಮಗು ಅಮ್ಮನನ್ನು ಯಾಡಿ ಎನ್ನುತ್ತದೆ. ಪುತ್ತೂರು, ಬೆಳ್ತಂಗಡಿ ಕಡೆಯ ಮಗುವಿಗೆ ಕುಳಿತುಕೋ ಎಂದರೆ ತಬ್ಬಿಬ್ಬು, ಕುಲ್ಲು ಎಂದರೆ ತಟ್ಟನೆ ಕೂರುತ್ತದೆ. ಕಲಬುರಗಿಯ ಓಣಿಯಲ್ಲಿ ದಖನಿ, ಪಾವಗಡದಲ್ಲಿ ತೆಲುಗು, ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟಗಳ ಶಾಲೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕೂಲಿಕಾರರ ಮಕ್ಕಳೂ ಇದ್ದಾರೆ. ಕನ್ನಡವೇ ಮನೆಮಾತಾದ ಮಗುವಿಗೂ ಪುಸ್ತಕದ ಕನ್ನಡ ಬೇರೆಯೇ. ಬರ್ತೀನಿ, ಬರ್ತೇನ್ರಿ, ಬತ್ತೆ ಎನ್ನುವ ಬಾಯಿಗೆ ಬರುತ್ತೇನೆ ಹೊಸದು. ಒಳ್ಳೆಯ ಶಿಕ್ಷಕಿ ಮೊದಲ ವಾರದಲ್ಲೇ ಮಕ್ಕಳ ಮನೆಮಾತಿನ ಹತ್ತಿಪ್ಪತ್ತು ಮಾತು ಕಲಿತುಬಿಡುತ್ತಾರೆ: ನೀರು, ಊಟ, ಹೊಟ್ಟೆನೋವು, ಅಮ್ಮ ಬರ್ತಾಳೆ, ಹೆದರಬೇಡ. ತನ್ನ ಮಾತು ಈ ಅಕ್ಕೋರಿಗೂ ಬರುತ್ತದೆ ಎಂದು ಗೊತ್ತಾದ ದಿನ ಮಗು ಶಾಲೆಗೆ ಅರ್ಧ ಸೇರಿದಂತೆ. ಈ ಪರಿಚಯಕ್ಕೆ ಸಮಯ ಹಿಡಿಯುತ್ತದೆ, ಬದಲಿ ಶಿಕ್ಷಕರನ್ನು ದಿನಕ್ಕೊಬ್ಬರಂತೆ ಕಳಿಸಿದರೆ ಅದು ಆಗುವುದೇ ಇಲ್ಲ.

ಅಕ್ಷರ ಬರುವುದು ಆಮೇಲೆ. ನಮ್ಮಲ್ಲಿ ಎಷ್ಟೋ ಜನರಿಗೆ ಈಗಲೂ ಒಂದನೇ ತರಗತಿ ಅಂದರೆ ಅ ಆ ಇ ಈ ಎಂದು ಕೋರಸ್ಸಿನಲ್ಲಿ ಕೂಗುವುದು. ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ ಮಗು ಕಲಿಯುವ ಮೊದಲ ಅಕ್ಷರಗಳು ರ, ಗ, ಸ, ದ, ಅ. ಅದಾದ ಮೇಲೆ ಜ, ವ, ಮ, ಬ, ನ. ವರ್ಣಮಾಲೆಯ ಕ್ರಮ ಬಿಟ್ಟು ಆಕಾರದ ಕ್ರಮ ಹಿಡಿದಿದ್ದಾರೆ: ಒಂದು ದುಂಡು ಬರೆಯಲು ಬಂದ ಕೈಗೆ ಅದನ್ನೇ ಸ್ವಲ್ಪ ತಿರುಗಿಸಿದರೆ ಇನ್ನೊಂದು ಅಕ್ಷರ ಸಿಗಬೇಕು. ಮೊದಲ ಐದೇ ಅಕ್ಷರಗಳಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲ ಬಂದುಬಿಡುತ್ತವೆ. ಐವತ್ತು ಅಕ್ಷರ ಕಾಯದೆ ಐದರಲ್ಲೇ ಮಗು ಪದ ಓದುತ್ತದೆ. ಈ ಯೋಚನೆ ಮಾಡಿದವರಿಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ನಲಿ-ಕಲಿ ಹುಟ್ಟಿದ್ದು ಬೆಂಗಳೂರಿನ ಕಚೇರಿಯಲ್ಲಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ತಮ್ಮ ಕೈಯಾರೆ ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಗೋಡೆಯ ಮೇಲೆ ಕಲಿಕೆಯ ಏಣಿ, ಅದರ ಮೆಟ್ಟಿಲುಗಳಲ್ಲಿ ಪ್ರಾಣಿ ಪಕ್ಷಿಗಳ ಚಿತ್ರ. ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಮಗುವೇ ನೋಡಿಕೊಂಡು ತನ್ನ ಕಾರ್ಡು ತೆಗೆದುಕೊಳ್ಳುತ್ತದೆ. ಕೂರಲು ಐದು ತಟ್ಟೆಗಳು ಅಂದರೆ ಐದು ಗುಂಪು: ಶಿಕ್ಷಕರೇ ಪೂರ್ತಿ ಕಲಿಸುವವರದು, ಅರ್ಧ ನೆರವು ಬೇಕಾದವರದು, ಗೆಳೆಯರ ಪೂರ್ತಿ ಸಹಾಯದಿಂದ ಕಲಿಯುವವರದು, ಗೆಳೆಯರ ಅಲ್ಪ ಸಹಾಯ ಸಾಕಾದವರದು, ಕೊನೆಗೆ ತಾವೇ ಕಲಿಯುವವರದು. ಕೂಲಿಗೆ ಹೋದ ಅಪ್ಪ ಅಮ್ಮನ ಹಿಂದೆ ಹದಿನೈದು ದಿನ ಹೋಗಿ ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಬಡವರ ಮನೆಯ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪದ್ಧತಿ ಇದು.

ಆದರೆ ಈ ಪದ್ಧತಿ ನಡೆಯಬೇಕಾದರೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತ ಕೋಣೆಯಲ್ಲಿ ಶಿಕ್ಷಕಿ ಸದಾ ಇರಬೇಕು. ಹೊಸದಾಗಿ ಬಂದವರು ಮೊದಲ ತಟ್ಟೆಯ ಮಕ್ಕಳು. ಅವರಿಗೆ ಗೆಳೆಯರ ನೆರವು ಸಾಲದು, ಕಾರ್ಡು ಓದಲು ಬಾರದು, ಏಣಿ ನೋಡಲು ಗೊತ್ತಿಲ್ಲ. ಜೂನ್ ತಿಂಗಳಲ್ಲಿ ಅವರಿಗೆ ಇರುವುದು ಶಿಕ್ಷಕಿ ಮಾತ್ರ. ವಿದ್ಯಾಪ್ರವೇಶ ಎಂಬ ಹೆಸರಿನಲ್ಲಿ ಒಂದನೇ ತರಗತಿಯ ಮೊದಲ ಮೂರು ತಿಂಗಳನ್ನು ಆಟ, ಕತೆ, ಹಾಡುಗಳಿಗೇ ಮೀಸಲಿಡುವ ಕಾರ್ಯಕ್ರಮ 2021ರಲ್ಲಿ ದೇಶದ ಮಟ್ಟದಲ್ಲಿ ಬಂತು. ಅದೂ ಸರಿಯಾದದ್ದೇ. ಮಣ್ಣಿನಲ್ಲಿ ಗೆರೆ ಎಳೆದು, ಬೀಜ ಜೋಡಿಸಿ, ದಾರಕ್ಕೆ ಮಣಿ ಪೋಣಿಸಿ ಬೆರಳು ಹದಗೊಂಡ ಮೇಲೆ ಬಳಪ. ಮೇಲಿನ ತರಗತಿಗಳಲ್ಲಿ ಅದೇ ಹೊತ್ತಿಗೆ ಸೇತುಬಂಧ ನಡೆದಿರುತ್ತದೆ. ಹಿಂದಿನ ವರ್ಷದ ಕಲಿಕೆ ಎಷ್ಟು ಉಳಿದಿದೆ ಎಂದು ಪರೀಕ್ಷೆ ಮಾಡಿ, ಉಳಿಯದ್ದನ್ನು ಮತ್ತೆ ಕಲಿಸುವ ಕೆಲಸ. ಕೊರೊನಾ ಕಾಲದಲ್ಲಿ ಇದರ ಬೆಲೆ ತಿಳಿಯಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ನಿಯಮಿತವಾಗಿ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಒಂದನೇ ತರಗತಿಯ ಕೋಣೆಯನ್ನು ಸರಿಯಾಗಿ ನೋಡದೆಯೇ ಎಷ್ಟೋ ಮಕ್ಕಳು ಎರಡನೇ ತರಗತಿಗೆ ಬಂದು ಕೂತರು. ಮೊದಲ ತಿಂಗಳುಗಳು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇಡೀ ರಾಜ್ಯ ಆಗ ನೋಡಿದೆ.

ಊಟದ ಗಂಟೆಯ ಮಾತು ಬೇರೆ. ಅದು ಅಳುವನ್ನು ನಿಲ್ಲಿಸುತ್ತದೆ. 2001ರಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಹೇಳಿದ ಮೇಲೆ, 2002ರ ಜೂನ್‌ನಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಐದನೇ ತರಗತಿವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಮೊಟ್ಟೆ ಮೊದಲು ಬಂದದ್ದು ಕಲ್ಯಾಣ ಕರ್ನಾಟಕದ ಕಡೆಗೆ, ಆಮೇಲೆ ಎಲ್ಲ ಕಡೆಗೆ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವೂ ಸೇರಿ ವಾರದ ಆರು ದಿನವೂ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ಬೆಳಿಗ್ಗೆ ಏನೂ ತಿನ್ನದೆ ಬರುವ ಮಗುವಿಗೆ ಹತ್ತು ಗಂಟೆಯ ಬಿಸಿ ಹಾಲು ಎಂದರೆ ಏನೆಂದು ಆ ಮಗುವಿನ ಕಣ್ಣು ನೋಡಿದವರಿಗೇ ಗೊತ್ತು. ಹೊಸ ಮಕ್ಕಳ ಹೆಸರನ್ನು ಶಿಕ್ಷಕರಿಗಿಂತ ಮೊದಲು ಕಲಿಯುವವರು ಅಡುಗೆಯವರು. ಯಾರಿಗೆ ಖಾರ ಆಗದು, ಯಾರು ಸಾರಿನಲ್ಲಿ ಬೇಳೆ ಬಿಟ್ಟು ಉಣ್ಣುತ್ತಾರೆ, ಯಾವ ಮಗು ತನ್ನ ಮೊಟ್ಟೆಯನ್ನು ಮನೆಯ ತಂಗಿಗೆಂದು ಚೀಲಕ್ಕೆ ಹಾಕಿಕೊಂಡಿತು, ಎಲ್ಲ ಅವರ ಗಮನದಲ್ಲಿರುತ್ತದೆ. ಅವರಿಗೆ ಸಿಗುವ ಗೌರವಧನ ಮಾತ್ರ ಈ ಕೆಲಸಕ್ಕೆ ತಕ್ಕುದಲ್ಲ.

ಮಲೆನಾಡು, ಕರಾವಳಿಯಲ್ಲಿ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟೊಟ್ಟಿಗೆ. ಅಲ್ಲಿ ಜೂನ್ ತಿಂಗಳ ಹಾಜರಿಯನ್ನು ಹಳ್ಳದ ನೀರು ತೀರ್ಮಾನ ಮಾಡುತ್ತದೆ. ಅಡಿಕೆ ದಬ್ಬೆಯ ಕಾಲುಸಂಕ ದಾಟಿ ಬರುವ ಆರು ವರ್ಷದ ಮಗುವನ್ನು ಕಳಿಸಲು ತಾಯಿಗೆ ಧೈರ್ಯ ಬಾರದಿದ್ದರೆ ಆಕೆಯದೇನು ತಪ್ಪು? ಕಿರುಸೇತುವೆಗಳು ಕೆಲವು ಕಡೆ ಬಂದಿವೆ, ಬರಬೇಕಾದವು ಇನ್ನೂ ಇವೆ. ಉತ್ತರ ಕರ್ನಾಟಕದಲ್ಲಿ ಜೂನ್ ಬಿತ್ತನೆಯ ಕಾಲ. ಕಾರಹುಣ್ಣಿಮೆಯ ಹೊತ್ತಿಗೆ ಗೋವೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದ ಎಷ್ಟೋ ಸಂಸಾರಗಳು ಊರಿಗೆ ಬರುತ್ತವೆ. ಮಕ್ಕಳ ಹೆಸರು ಹಚ್ಚಲು ಅದೇ ಸರಿಯಾದ ಸಮಯ. ಸುಗ್ಗಿ ಮುಗಿದ ಮೇಲೆ ಅವರು ಮತ್ತೆ ಹೊರಡುತ್ತಾರೆ. ಹಾಗಾಗಿ ಆ ಮಕ್ಕಳಿಗೆ ಜೂನ್‌ನಿಂದ ಕೆಲವೇ ತಿಂಗಳು ಶಾಲೆ. ಅದರಲ್ಲೂ ಮೊದಲ ತಿಂಗಳು ವ್ಯರ್ಥವಾದರೆ ಅವರ ವರ್ಷವೇ ಹೋದಂತೆ.

ಹೀಗಿರುವಾಗ ಆ ಮೂರು ವಾರ ಶಿಕ್ಷಕಿ ಎಲ್ಲಿರುತ್ತಾರೆ? ಹೊಸ ಮಕ್ಕಳ ವಿವರಗಳನ್ನು ವಿದ್ಯಾರ್ಥಿಗಳ ದಾಖಲೆಯ ಜಾಲತಾಣವಾದ ಸ್ಯಾಟ್ಸ್‌ಗೆ ಏರಿಸಬೇಕು. ಟಿ.ಸಿ. ತಂದವರ ಸ್ಯಾಟ್ಸ್ ಸಂಖ್ಯೆ ಹಳೆಯ ಶಾಲೆಯಿಂದ ವರ್ಗವಾಗದಿದ್ದರೆ ಆ ಶಾಲೆಗೆ ಫೋನು ಮಾಡುತ್ತಾ ಕೂರಬೇಕು. ಕೇಂದ್ರ ಕೇಳುವ ಶಾಲಾ ಮಾಹಿತಿಯ ಯು-ಡೈಸ್ ಬೇರೆ, ಮಗುವಿನ ಗುರುತಿನ ಅಪಾರ್ ಸಂಖ್ಯೆ ಬೇರೆ. ಆಧಾರ್‌ನಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ಮೊದಲಿನಿಂದ ಶುರು. ಪಠ್ಯಪುಸ್ತಕ ತರಲು, ಸಮವಸ್ತ್ರದ ಬೇಡಿಕೆ ಕೊಡಲು, ಶೂ–ಕಾಲುಚೀಲ ಖರೀದಿಯ ಕಡತ ಸಿದ್ಧಮಾಡಲು ಓಡಾಡಬೇಕು. ಅದರ ನಡುವೆ ತರಬೇತಿ, ಕ್ಲಸ್ಟರ್ ಸಭೆ, ವಾಟ್ಸ್ಯಾಪ್ ಗುಂಪಿನಲ್ಲಿ ಬೆಳಿಗ್ಗೆ ಕೇಳಿ ಮಧ್ಯಾಹ್ನದೊಳಗೆ ಬೇಕೆನ್ನುವ ಮಾಹಿತಿ. ಮೇಲಿನವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೂ ಮೇಲಿಂದ ಹಾಗೇ ಕೇಳುತ್ತಾರೆ. ಆದರೆ ಅಷ್ಟೂ ಭಾರ ಕೊನೆಗೆ ಇಳಿಯುವುದು ಇಬ್ಬರು ಶಿಕ್ಷಕರ ಮೇಲೆ.

ಇಬ್ಬರೇ ಎಂದದ್ದು ಕಾಯ್ದೆಯ ಲೆಕ್ಕದಲ್ಲಿ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿರುವ ಶಾಲೆಗೆ ಶಿಕ್ಷಣ ಹಕ್ಕು ಕಾಯ್ದೆ ಕೊಡುವುದು ಇಬ್ಬರು ಶಿಕ್ಷಕರನ್ನು. ತರಗತಿ ಐದು, ಶಿಕ್ಷಕರು ಇಬ್ಬರು. ಒಬ್ಬರಿಗೆ ನಲಿ-ಕಲಿ, ಇನ್ನೊಬ್ಬರಿಗೆ ನಾಲ್ಕು–ಐದು ಮತ್ತು ಮುಖ್ಯಶಿಕ್ಷಕರ ಕೆಲಸ. ಅವರಲ್ಲೊಬ್ಬರು ತಾಲ್ಲೂಕು ಕೇಂದ್ರಕ್ಕೆ ಹೋದರೆ ಐದೂ ತರಗತಿ ಒಬ್ಬರ ಪಾಲಿಗೆ. ಒಬ್ಬರ ಜಾಗ ಖಾಲಿಯಿದ್ದರೆ ಅತಿಥಿ ಶಿಕ್ಷಕರು ಬರಬೇಕು. ಅವರ ನೇಮಕದ ಆದೇಶ ಬಂದು, ಅರ್ಜಿ ಕರೆದು, ಅವರು ಬಂದು ಕೋಣೆಯಲ್ಲಿ ನಿಲ್ಲುವ ಹೊತ್ತಿಗೆ ಹೊಸ ಮಗುವಿಗೆ ಅತ್ಯಂತ ಬೇಕಾಗಿದ್ದ ದಿನಗಳು ಕಳೆದಿರುತ್ತವೆ. ಆ ಅತಿಥಿ ಶಿಕ್ಷಕಿ ಎಷ್ಟು ಪ್ರೀತಿಯಿಂದ ಕಲಿಸಿದರೂ ಮುಂದಿನ ಜೂನ್‌ನಲ್ಲಿ ಆಕೆ ಅದೇ ಶಾಲೆಯಲ್ಲಿ ಇರುತ್ತಾಳೆಂಬ ಭರವಸೆ ಇಲ್ಲ. ಈ ಅನ್ಯಾಯ ಆಕೆಗೂ ಆಗುತ್ತದೆ, ಮಕ್ಕಳಿಗೂ ಆಗುತ್ತದೆ.

ಇದು ಜೂನ್ ತಿಂಗಳೊಂದರ ಕತೆಯೂ ಅಲ್ಲ. 2025ರಲ್ಲಿ ದಸರಾ ರಜೆ ಮುಗಿದು ಎರಡನೇ ಅವಧಿ ಅಕ್ಟೋಬರ್ 8ಕ್ಕೆ ಶುರುವಾಗಬೇಕಿತ್ತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಬೇಕಾಗಿದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು 18ರವರೆಗೆ ಮುಂದುವರಿಸಿದರು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಇಲ್ಲಿನ ಮಾತಲ್ಲ. ಖಾಸಗಿ ಶಾಲೆಯ ಮಗು ತರಗತಿಯಲ್ಲಿದ್ದ ಆ ದಿನಗಳಲ್ಲಿ ಸರ್ಕಾರಿ ಶಾಲೆಯ ಮಗು ಮನೆಯಲ್ಲಿತ್ತು ಎಂಬುದು ಮಾತು. ರಜೆಯಿಂದ ಹಿಂದಿರುಗುವ ಮಗುವಿಗೂ ಶಾಲೆಗೆ ಮತ್ತೆ ಹೊಂದಿಕೊಳ್ಳಲು ದಿನಗಳು ಬೇಕು.

ಪೋಷಕರು ಇದನ್ನೆಲ್ಲ ಗಮನಿಸುತ್ತಾರೆ. ಇಂಗ್ಲಿಷ್ ಮಾಧ್ಯಮದ ಆಸೆಯಿಂದಲೇ ಜನ ಸರ್ಕಾರಿ ಶಾಲೆ ಬಿಡುತ್ತಾರೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದದ್ದಾಯಿತು, ಆಮೇಲೆ ಎಲ್‌ಕೆಜಿ, ಯುಕೆಜಿಗಳೂ ಬಂದವು. ಇಂಗ್ಲಿಷ್ ಒಂದು ಕಾರಣ ನಿಜ. ಆದರೆ ಹಳದಿ ವ್ಯಾನು ದಿನಾ ಅದೇ ಹೊತ್ತಿಗೆ ಬರುತ್ತದೆ, ಅಲ್ಲಿ ತರಗತಿಗೊಬ್ಬ ಟೀಚರ್ ಇರುತ್ತಾರೆ ಎಂಬುದೂ ಅಷ್ಟೇ ದೊಡ್ಡ ಕಾರಣ. ಆ ಟೀಚರಿಗೆ ನಮ್ಮ ಸರ್ಕಾರಿ ಶಿಕ್ಷಕಿಯ ಓದು, ತರಬೇತಿ ಇಲ್ಲದಿರಬಹುದು. ಇದ್ದಾರಲ್ಲ ಎಂಬುದು ತಾಯಿಗೆ ಮುಖ್ಯ.

ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ದಾಖಲಾತಿ ಆಂದೋಲನದ ಕರಪತ್ರ ಹಿಡಿದು ಮನೆಮನೆಗೆ ಹೋಗುವ ಶಿಕ್ಷಕರನ್ನು ನೋಡಿದಾಗ ನನಗೆ ಡೆಪ್ಯೂಟಿ ಚನ್ನಬಸಪ್ಪನವರ ನೆನಪಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ, ಮರಾಠಿಯೇ ಶಾಲೆಯ ಭಾಷೆಯಾಗಿದ್ದ ಮುಂಬೈ ಪ್ರಾಂತ್ಯದ ಕನ್ನಡ ಸೀಮೆಯಲ್ಲಿ ಊರೂರು ತಿರುಗಿ ಕನ್ನಡ ಸಾಲಿಗಳನ್ನು ತೆರೆಯಿಸಿದವರು ಅವರು. ಐವತ್ತು ತುಂಬುವ ಮೊದಲೇ ತೀರಿಕೊಂಡರು. ಮಕ್ಕಳನ್ನು ಕಳಿಸಿ ಎಂದು ಮನೆಬಾಗಿಲಲ್ಲಿ ನಿಂತು ಕೇಳುವ ಕೆಲಸಕ್ಕೆ ನಮ್ಮಲ್ಲಿ ಅಷ್ಟು ದೊಡ್ಡ ಹಿರೀಕರಿದ್ದಾರೆ. ಹಾಗೆ ಕೇಳಿ ತಂದ ಮಗುವಿನ ಬಳಿ ಜೂನ್‌ನಲ್ಲಿ ಕೂರಲು ಆ ಶಿಕ್ಷಕರನ್ನು ಬಿಡಬೇಕಷ್ಟೆ.

ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಹೊಸ ಅನುದಾನ ಬೇಕಿಲ್ಲ. ನಲಿ-ಕಲಿ ಕೋಣೆಯ ಶಿಕ್ಷಕರಿಗೆ ಜೂನ್ ತಿಂಗಳಲ್ಲಿ ತರಬೇತಿ, ಸಭೆ ಇಡಬಾರದು. ತರಬೇತಿಗೆ ಏಪ್ರಿಲ್‌ನ ಕೊನೆಯ ಕೆಲಸದ ದಿನಗಳಿವೆ. ಸ್ಯಾಟ್ಸ್, ಯು-ಡೈಸ್‌ಗಳ ನಮೂದಿಗೆ ಜುಲೈ ಕೊನೆಯವರೆಗೆ ಸಮಯ ಕೊಟ್ಟರೆ, ಕ್ಲಸ್ಟರಿಗೊಬ್ಬ ಕಂಪ್ಯೂಟರ್ ಸಹಾಯಕರನ್ನು ಒಂದೆರಡು ತಿಂಗಳ ಮಟ್ಟಿಗೆ ಕೊಟ್ಟರೆ ಶಿಕ್ಷಕರ ಅರ್ಧ ಓಡಾಟ ತಪ್ಪುತ್ತದೆ. ಅತಿಥಿ ಶಿಕ್ಷಕರ ಆದೇಶ ಮೇ 29ಕ್ಕಿಂತ ಮೊದಲೇ ಶಾಲೆಯ ಕೈಯಲ್ಲಿರಬೇಕು. ಯಾವ ಶಾಲೆಯಲ್ಲಿ ಜಾಗ ಖಾಲಿಯಿದೆ ಎಂಬುದು ಮಾರ್ಚ್‌ನಲ್ಲೇ ಇಲಾಖೆಗೆ ಗೊತ್ತಿರುತ್ತದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟರೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎಂದು ಕಾಯ್ದೆಯ 27ನೇ ಕಲಮಿನಲ್ಲಿದೆ. ಅದನ್ನು ಪಾಲಿಸಿದರೂ ಸಾಕಷ್ಟಾಯಿತು.

ಪೋಷಕರ ಕೈಯಲ್ಲೂ ಒಂದು ಅಧಿಕಾರವಿದೆ. ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಿಂದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿಗಳು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಇವೆ. ಅದರಲ್ಲಿ ಮಕ್ಕಳ ತಂದೆ ತಾಯಿಯರೇ ಹೆಚ್ಚಿರುತ್ತಾರೆ. ಸಾಮಾನ್ಯವಾಗಿ ಆ ಸಭೆಗಳಲ್ಲಿ ಕಾಂಪೌಂಡು, ಬಣ್ಣ, ಆಗಸ್ಟ್ 15ರ ಸಿಹಿ ಹಂಚಿಕೆ ಚರ್ಚೆಯಾಗುತ್ತವೆ. ಜುಲೈ ಮೊದಲ ವಾರದ ಸಭೆಯಲ್ಲಿ ಶಿಕ್ಷಕರ ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ಇಡಿಸಿಕೊಳ್ಳಿ. ಒಂದನೇ ತರಗತಿಯ ಶಿಕ್ಷಕಿಯ ಹೆಸರಿನ ಎದುರು ಜೂನ್ ತಿಂಗಳಲ್ಲಿ ಓಓಡಿ, ಅಂದರೆ ಕಚೇರಿ ಕೆಲಸದ ಮೇಲೆ ಹೊರಗೆ, ಎಂದು ಬರೆದ ಮನೆಗಳನ್ನು ಎಣಿಸಿ. ಪ್ರತಿಯೊಂದು ದಿನ ಅವರನ್ನು ಕರೆಸಿಕೊಂಡದ್ದು ಯಾರು, ಯಾವ ಕೆಲಸಕ್ಕೆ ಎಂದು ಕೇಳಿ ಬರೆದುಕೊಳ್ಳಿ. ಶಿಕ್ಷಕಿಯನ್ನು ದಬಾಯಿಸಲು ಅಲ್ಲ, ಆಕೆಯ ಪರವಾಗಿ ನಿಲ್ಲಲು. ಆ ಪಟ್ಟಿಯನ್ನು ಸಭೆಯ ನಡವಳಿಯಲ್ಲಿ ಸೇರಿಸಿ, ಮುಂದಿನ ಜೂನ್‌ನಲ್ಲಿ ಹೀಗಾಗಬಾರದೆಂದು ಸಹಿ ಹಾಕಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ, ಇನ್ನೊಂದನ್ನು ನಿಮ್ಮ ಶಾಸಕರಿಗೆ ಮುಟ್ಟಿಸಿ ಸ್ವೀಕೃತಿ ಪಡೆದುಕೊಳ್ಳಿ.